ನಾರ್ವೆಯ ಚಿತ್ರಿತ ಪೆಟ್ಟಿಗೆಗಳೂ ವಂಶವೃತ್ತಾಂತವೂ

ವಂಶಚರಿತ್ರೆಯನ್ನು ಅರಿಯಲು ಕಾಗದಪತ್ರಗಳೇ ಸಾಧನಗಳೆಂದು ಭಾವಿಸುವುದು ವಾಡಿಕೆ. ಮನೆಯೊಳಗಣ ಮರದ ಪೆಟ್ಟಿಗೆಯೂ ಲಿಖಿತಾಧಾರವಾಗಬಲ್ಲುದೆಂಬುದಕ್ಕೆ ನಾರ್ವೆ ದೇಶದ ಚಿತ್ರಿತ ಪೆಟ್ಟಿಗೆಗಳು ಉತ್ತಮ ನಿದರ್ಶನವಾಗಿವೆ.

ಆ ದೇಶದ ಟೆಲೆಮಾರ್ಕ್, ಹಾಲಿಂಗ್‌ಡಾಲ್ ಮೊದಲಾದ ಪ್ರಾಂತಗಳಲ್ಲಿ ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ‘ರೋಸೆಮಾಲಿಂಗ್’ ಎಂಬ ಗ್ರಾಮೀಣ ಚಿತ್ರಕಲೆ ಏಳಿಗೆಗೆ ಬಂದಿತು. ಬರೋಕ್ ಶೈಲಿಯ ಎಲೆಬಳ್ಳಿಗಳನ್ನು ಹಳ್ಳಿಯ ಚಿತ್ರಕಾರರು ತಮ್ಮ ಕುಂಚಕ್ಕೆ ಒಗ್ಗಿಸಿಕೊಂಡರು. ಇವರಲ್ಲಿ ಅನೇಕರು ಬಡವರು. ಊರಿಂದೂರಿಗೆ ಹೋಗಿ ಮನೆಯ ಗೋಡೆಗಳಿಗೂ ಪೆಟ್ಟಿಗೆಗಳಿಗೂ ಬಣ್ಣವಿಡುತ್ತಿದ್ದರು. ಪೆಟ್ಟಿಗೆಗಳಾದರೋ ಬಹುಮಟ್ಟಿಗೆ ಪೈನ್ ಮರದವು; ಕಬ್ಬಿಣದ ಪಟ್ಟಿಗಳಿಂದ ಬಿಗಿದವು. ಅನೇಕ ಪೆಟ್ಟಿಗೆಗಳ ಮುಮ್ಮೈಯಲ್ಲಿ ಒಡೆಯನ ಇಲ್ಲವೆ ಒಡತಿಯ ಹೆಸರೂ ಒಂದು ವರ್ಷವೂ ಕಾಣುತ್ತವೆ.

ಈ ಹೆಸರನ್ನು ಓದುವುದರಲ್ಲಿಯೇ ತೊಡಕುಂಟು. ಅಂದಿನ ಗ್ರಾಮೀಣರಿಗೆ ಸ್ಥಿರವಾದ ಕುಲನಾಮವಿರಲಿಲ್ಲ. ಓಲೆಯ ಮಗನು ಓಲ್ಸೆನ್, ಮಗಳು ಓಲ್ಸ್‌ದಾತ್ತರ್. ಅದರೊಡನೆ ವಾಸದ ಹೊಲಮನೆಯ ಹೆಸರು ಸೇರುತ್ತಿತ್ತು. ವಿವಾಹದ ತರುವಾಯವೂ ಸ್ತ್ರೀಯು ತನ್ನ ತಂದೆಯ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದಳು. ಕುಲನಾಮವು ಕಡ್ಡಾಯವಾದುದು ೧೯೨೩ರ ಶಾಸನದಿಂದ. ಪೆಟ್ಟಿಗೆಗಳ ಮೇಲೆ ಬರಿಯ ಮೊದಲಕ್ಷರಗಳಿದ್ದಲ್ಲಿ ಕಡೆಯ ‘ಡಿ’ ಎಂಬುದು ಅನೇಕ ವೇಳೆ ‘ಮಗಳು’ ಎಂಬುದರ ಸಂಕ್ಷೇಪ. ಅದನ್ನು ಕುಲನಾಮವೆಂದು ಬಗೆದರೆ ಒಡತಿಯೇ ವಂಶವೃಕ್ಷದಿಂದ ಮರೆಯಾಗುವಳು. ಮದುವೆಯ ಪೆಟ್ಟಿಗೆ ತಾಯಿಯಿಂದ ಮಗಳಿಗೆ ಬಂದಿದ್ದರಂತೂ ಅದರ ಮೇಲಿನ ಹೆಸರಿಗೂ ಈಗಿನ ಮನೆತನದ ಹೆಸರಿಗೂ ಹೊಂದಿಕೆಯೇ ಇರದು.

೧೮೨೫ರಲ್ಲಿ ‘ರೆಸ್ಟೌರಾಷೊನ್’ ಎಂಬ ಸಣ್ಣ ಹಡಗು ೫೨ ಜನರೊಡನೆ ಸ್ಟಾವಾಂಗರಿನಿಂದ ಹೊರಟು ನ್ಯೂಯಾರ್ಕನ್ನು ಸೇರಿತು. ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷದಷ್ಟು ನಾರ್ವೇಜಿಯನರು ಅಮೆರಿಕಕ್ಕೆ ವಲಸೆಹೋದರು. ಹಾಯಿಹಡಗಿನ ಯಾತ್ರಿಕರು ವಾರಗಟ್ಟಲೆಯ ಆಹಾರವನ್ನು ತಾವೇ ಒಯ್ಯಬೇಕಾಗಿತ್ತು; ರೊಟ್ಟಿ, ಒಣಮಾಂಸ, ಬಟ್ಟೆಬರೆಗಳೆಲ್ಲವೂ ಪೆಟ್ಟಿಗೆಯಲ್ಲಿಯೇ. ಹಳೆಯ ಪೆಟ್ಟಿಗೆಯ ಮೇಲೆಯೇ ಹೊಸದಾಗಿ ಹೆಸರನ್ನೂ ಸೇರಬೇಕಾದ ಊರನ್ನೂ ಬರೆದುದುಂಟು. ಆದಕಾರಣ ಒಂದೇ ಪೆಟ್ಟಿಗೆಯಲ್ಲಿ ಎರಡು ತಲೆಮಾರುಗಳ ಬರಹ ದೊರೆಯಬಹುದು. ಕಾಣುವ ವರ್ಷವನ್ನು ಪೆಟ್ಟಿಗೆಯ ನಿರ್ಮಾಣಕಾಲವೆಂದು ಒಡನೆಯೇ ನಿಶ್ಚಯಿಸಲಾಗದು.

ಐಯೊವಾ ಸಂಸ್ಥಾನದ ಡೆಕೋರದಲ್ಲಿ ೧೮೭೭ರಲ್ಲಿ ಆರಂಭವಾದ ಸಂಗ್ರಹವು ಇಂದು ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯವಾಗಿ ಇಂತಹ ಪೆಟ್ಟಿಗೆಗಳನ್ನು ರಕ್ಷಿಸಿದೆ. ಮನೆಗಳಲ್ಲಿ ಉಳಿದವುಗಳಿಗೆ ದೊಡ್ಡ ಅಪಾಯವೆಂದರೆ ಅಂದಗೊಳಿಸುವ ಆಸೆ. ಮಾಸಿದ ಬಣ್ಣವನ್ನು ಕೆರೆದು ಹೊಸ ಬಣ್ಣ ಬಳಿದಾಗ ಪೆಟ್ಟಿಗೆ ಉಳಿಯುತ್ತದೆ. ಅದರ ಸಾಕ್ಷ್ಯವು ಅಳಿಯುತ್ತದೆ.