ಹಾಯ್ಲ್ ಹೂಡಿದ ಎರಡು ವಾದ

ವಿಶ್ವಕ್ಕೆ ಹುಟ್ಟೆಂಬುದೇ ಇಲ್ಲ. ಭೂಮಿಯ ಮೇಲಿನ ಜೀವ ಭೂಮಿಯಲ್ಲಿ ಹುಟ್ಟಿದ್ದಲ್ಲ. ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ (1915–2001) ಈ ಎರಡು ಮಾತನ್ನೂ ಕೊನೆಯವರೆಗೆ ಬಿಟ್ಟುಕೊಡಲಿಲ್ಲ. ಮೊದಲನೆಯದು ಸೋತಿತು, ಎರಡನೆಯದನ್ನು ಒಪ್ಪುವವರು ವಿರಳ. ಆದರೂ ವಿಶ್ವ ಮತ್ತು ಜೀವದ ಮೂಲದ ಚರ್ಚೆಯನ್ನು ಅವರನ್ನು ಬಿಟ್ಟು ಹೇಳಲಾಗದು.

ಆರಂಭವಿಲ್ಲದ ವಿಶ್ವ

ದೂರದ ಗೆಲಾಕ್ಸಿಗಳು ಇನ್ನೂ ದೂರ ಸರಿಯುತ್ತಿವೆ ಎಂಬುದನ್ನು 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದರು. ಹಾಗಾದರೆ ಹಿಂದೊಮ್ಮೆ ಎಲ್ಲವೂ ಒಂದೆಡೆ ಒತ್ತಾಗಿದ್ದಿರಬೇಕು ಎಂದು ಬೆಲ್ಜಿಯಂನ ಪಾದ್ರಿ, ಭೌತವಿಜ್ಞಾನಿ ಜಾರ್ಜ್ ಲೆಮೆತ್ರ್ 1931ರಲ್ಲಿ ವಾದಿಸಿದರು. ಹಾಯ್ಲ್, ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ 1948ರಲ್ಲಿ ಇದಕ್ಕೆ ಎದುರು ನಿಂತರು. ವಿಶ್ವ ಹಿಗ್ಗಿದಂತೆಲ್ಲ ತೆರವಾದ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಿರುತ್ತದೆ, ಆದ್ದರಿಂದ ಅದು ಎಂದೆಂದಿಗೂ ಒಂದೇ ಬಗೆಯಾಗಿ ಕಾಣುತ್ತದೆ ಎಂದರು. ಇದೇ ಸ್ಥಿರಸ್ಥಿತಿ ಸಿದ್ಧಾಂತ.

ಇದು ಹುಚ್ಚು ಕಲ್ಪನೆಯಲ್ಲ. ಆಗಿನ ಅಳತೆಗಳ ಪ್ರಕಾರ ಲೆಮೆತ್ರ್ ಹೇಳಿದಂಥ, ಅಂದರೆ ಮಹಾಸ್ಫೋಟದ ವಿಶ್ವದ ವಯಸ್ಸು ಭೂಮಿಯ ವಯಸ್ಸಿಗಿಂತಲೂ ಕಡಿಮೆ ಬರುತ್ತಿತ್ತು! ಆರಂಭವೇ ಇಲ್ಲದ ವಿಶ್ವಕ್ಕೆ ಆ ತೊಡಕಿರಲಿಲ್ಲ. ಹಾಯ್ಲ್ ಅವರ ಶಿಷ್ಯ, ಮುಂದೆ ಪುಣೆಯಲ್ಲಿ ಐಯುಕಾ ಸಂಸ್ಥೆ ಕಟ್ಟಿದ ಜಯಂತ್ ನಾರ್ಳೀಕರ್, 1993ರಲ್ಲೂ ಗುರುವಿನ ಜೊತೆ ಸೇರಿ ಇದರ ತಿದ್ದಿದ ರೂಪವನ್ನು ಮಂಡಿಸಿದರು.

ನಿಲ್ಲದ ಸದ್ದು

ತೀರ್ಪು ಕೊಟ್ಟದ್ದು ಒಂದು ಆಂಟೆನಾ. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ 1964ರ ಸುಮಾರಿಗೆ ಆರ್ನೋ ಪೆನ್‌ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಕಹಳೆಯಾಕಾರದ ದೊಡ್ಡ ಆಂಟೆನಾದಿಂದ ಆಕಾಶವನ್ನು ಆಲಿಸುತ್ತಿದ್ದರು. ಎತ್ತ ತಿರುಗಿಸಿದರೂ ಅದೇ ಮಂದ ಸದ್ದು. ಹಗಲಾದರೂ ಅಷ್ಟೇ, ಇರುಳಾದರೂ ಅಷ್ಟೇ. ನ್ಯೂಯಾರ್ಕ್ ನಗರದ ಗದ್ದಲವಿರಬಹುದೇ ಎಂದು ಪರೀಕ್ಷಿಸಿದರು. ಲೋಹದ ಹಾಳೆಗಳ ಜೋಡಣೆಗೆ ಟೇಪು ಅಂಟಿಸಿದರು. ಕಹಳೆಯೊಳಗೆ ಬೀಡುಬಿಟ್ಟಿದ್ದ ಪಾರಿವಾಳಗಳನ್ನು ಹಿಡಿದು ದೂರ ಸಾಗಹಾಕಿದರೆ ಅವು ಮರಳಿ ಬಂದವು. ಹಿಕ್ಕೆಯನ್ನೆಲ್ಲ ಕೆರೆದು ತೊಳೆದರೂ ಸದ್ದು ಹೋಗಲಿಲ್ಲ.

ಅದು ವಿಶ್ವದ ಬಿಸಿ ಆರಂಭದಿಂದ ಉಳಿದ ಶಾಖ, ಇಂದಿನ ಅಳತೆಯಲ್ಲಿ 2.725 ಕೆಲ್ವಿನ್. ಎಂದೂ ಬದಲಾಗದ ವಿಶ್ವದಲ್ಲಿ ಇಂಥದ್ದಕ್ಕೆ ಸಹಜ ಕಾರಣವಿಲ್ಲ. ಇಬ್ಬರಿಗೂ 1978ರಲ್ಲಿ ನೊಬೆಲ್ ಸಿಕ್ಕಿತು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂಬುದು ಈಗಿನ ಲೆಕ್ಕ.

ಆದರೆ ಸೋತ ಪಕ್ಷದ ಒಂದು ಕೊಡುಗೆಯನ್ನು ಮರೆಯುವಂತಿಲ್ಲ. ಬಿಸಿ ಆರಂಭವೇ ಇಲ್ಲವೆಂದರೆ ಧಾತುಗಳು ತಯಾರಾದದ್ದೆಲ್ಲಿ? ನಕ್ಷತ್ರಗಳ ಒಡಲಲ್ಲಿ ಎಂದರು ಹಾಯ್ಲ್. ಬರ್ಬಿಜ್ ದಂಪತಿ ಮತ್ತು ವಿಲಿಯಂ ಫೌಲರ್ ಜೊತೆ 1957ರಲ್ಲಿ ಬರೆದ ಪ್ರಬಂಧದಲ್ಲಿ ಅದನ್ನು ವಿವರವಾಗಿ ತೋರಿಸಿಕೊಟ್ಟರು. ಜಲಜನಕ ಮತ್ತು ಬಹುಪಾಲು ಹೀಲಿಯಂ ಮಹಾಸ್ಫೋಟದವು. ನಮ್ಮ ಮೈಯ ಇಂಗಾಲ, ಆಮ್ಲಜನಕ, ಕಬ್ಬಿಣ ನಕ್ಷತ್ರಗಳವು. ವಿಶ್ವದ ಬಗ್ಗೆ ತಪ್ಪಿದವರು ನಮ್ಮ ಮೈಯ ದ್ರವ್ಯದ ಬಗ್ಗೆ ಸರಿಯಾಗಿದ್ದರು.

ಜೀವ ಇಲ್ಲಿಯದೋ, ಅಲ್ಲಿಯದೋ

ಆದಿಕಾಲದ ಸಮುದ್ರದ ರಾಸಾಯನಿಕಗಳಿಂದಲೇ ಜೀವ ಮೂಡಿತೆಂದು ರಷ್ಯಾದ ಅಲೆಕ್ಸಾಂಡರ್ ಒಪಾರಿನ್ 1924ರಲ್ಲಿ, ಮುಂದೆ ಭಾರತಕ್ಕೆ ಬಂದು ನೆಲೆಸಿದ ಜೆ.ಬಿ.ಎಸ್. ಹಾಲ್ಡೇನ್ 1929ರಲ್ಲಿ ಸೂಚಿಸಿದ್ದರು. ಷಿಕಾಗೋದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ನೀರು, ಮೀಥೇನ್, ಅಮೋನಿಯಾ, ಜಲಜನಕ ತುಂಬಿದ ಗಾಜಿನ ಉಪಕರಣದಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದರು. ಫಲಿತಾಂಶ 1953ರಲ್ಲಿ ಪ್ರಕಟವಾಯಿತು. ಸಮುದ್ರತಳದ ಬಿಸಿನೀರಿನ ಬುಗ್ಗೆಗಳೇ ತವರು ಎನ್ನುವವರು ಇಂದು ಬಹಳ ಮಂದಿ.

ಹಾಯ್ಲ್ ಮತ್ತು ಶ್ರೀಲಂಕಾ ಮೂಲದ ಚಂದ್ರ ವಿಕ್ರಮಸಿಂಘೆ ಜೀವ ಭೂಮಿಯಲ್ಲೇ ಹುಟ್ಟಿತೆಂಬುದನ್ನು ಒಪ್ಪಲಿಲ್ಲ. ಧೂಮಕೇತುಗಳು ಸೂಕ್ಷ್ಮಜೀವಿಗಳನ್ನೇ ಹೊತ್ತು ತಂದವು ಎಂಬುದು ಅವರ ವಾದ. ಕಚ್ಚಾವಸ್ತುಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲಗಳಿದ್ದವು. 2023ರಲ್ಲಿ ನಾಸಾ ತರಿಸಿದ ಬೆನ್ನು ಕ್ಷುದ್ರಗ್ರಹದ ಮಣ್ಣಿನಲ್ಲೂ ಇದ್ದವು. ಆದರೆ ಜೀವಿಯೇ ಅಲ್ಲಿಂದ ಬಂತೆಂದರೆ, ಅಲ್ಲಿ ಅದು ಹೇಗೆ ಹುಟ್ಟಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹೈದರಾಬಾದಿನ ಬಲೂನು

ಈ ವಾದವನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ನಮ್ಮವರೂ ಇದ್ದಾರೆ. ಇಸ್ರೋ 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿತು. ದ್ರವ ನಿಯಾನ್‌ನಿಂದ ತಣಿಸಿದ, ಮೊದಲೇ ಕ್ರಿಮಿಶುದ್ಧಿ ಮಾಡಿದ್ದ ಉಕ್ಕಿನ ಕೊಳವೆಗಳು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದವು. ಅದರಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ಸಿಕ್ಕವು. ಒಂದಕ್ಕೆ ಹಾಯ್ಲ್ ಹೆಸರನ್ನೇ ಇಟ್ಟು ಜಾನಿಬ್ಯಾಕ್ಟರ್ ಹಾಯ್ಲೈ ಎಂದರು. ಇವು ಭೂಮಿಯಾಚೆಯಿಂದ ಬಂದವೆಂದು ಇದರಿಂದ ಸಾಬೀತಾಗದು ಎಂದು 2009ರಲ್ಲಿ ಇಸ್ರೋ ತಾನೇ ಸ್ಪಷ್ಟಪಡಿಸಿತು. ಮೂರೂ ಭೂಮಿಯಲ್ಲಿ ಪರಿಚಿತವಾದ ಕುಲಗಳಿಗೇ ಸೇರಿದ್ದವು, ನೇರಳಾತೀತ ಕಿರಣ ತಾಳುವ ಶಕ್ತಿ ಮಾತ್ರ ಹೆಚ್ಚಿತ್ತು. ಹಾಗಾದರೆ ಈ ವಾದ ಇತ್ಯರ್ಥವಾಗುವುದು ಹೇಗೆ? ಮಂಗಳದಲ್ಲೋ ಶನಿಯ ಉಪಗ್ರಹ ಎನ್ಸೆಲಡಸ್‌ನಲ್ಲೋ ಮುಂದೆಂದಾದರೂ ಜೀವಿ ಸಿಕ್ಕರೆ ಮೊದಲು ನೋಡಬೇಕಾದದ್ದು ಅದರ ಆನುವಂಶಿಕ ಸಂಕೇತವನ್ನು. ಅದು ನಮ್ಮದರಂತೆಯೇ ಇದ್ದರೆ ಹಾಯ್ಲ್ ಪಕ್ಷಕ್ಕೆ ಬಲ ಬರುತ್ತದೆ. ಪೂರ್ತಿ ಬೇರೆಯಾಗಿದ್ದರೆ, ಜೀವ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿತೆಂದಾಗುತ್ತದೆ.