ಸೇವಕರು ಕೂಡಿ ಕುಳಿತಾಗ: ಆರೈಕೆಯವರ ಅವಲೋಕನ ಕೂಟದ ಚರಿತ್ರೆ ಮತ್ತು ನಮ್ಮ ಹೊಣೆ

ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ನಾವು ಬೇಗನೆ ದಾಟಿಹೋಗುವ ಒಂದು ಪ್ರಸಂಗವಿದೆ. ಇಬ್ಬಿಬ್ಬರಾಗಿ ಕಳುಹಿಸಲ್ಪಟ್ಟಿದ್ದ ಅಪೊಸ್ತಲರು ಹಿಂದಿರುಗಿ ಬಂದು, ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ಯೇಸುವಿಗೆ ತಿಳಿಸುತ್ತಾರೆ (6:30). ಆತನು ಅವರ ಕೆಲಸಕ್ಕೆ ಬೆಲೆಕಟ್ಟಿದನೆಂದಾಗಲಿ ತಪ್ಪು ತಿದ್ದಿದನೆಂದಾಗಲಿ ಸುವಾರ್ತಿಕನು ಬರೆದಿಲ್ಲ. ಏಕಾಂತ ಸ್ಥಳಕ್ಕೆ ಬಂದು ದಣಿವಾರಿಸಿಕೊಳ್ಳುವಂತೆ ಕರೆದನೆಂದು ಮಾತ್ರ ಬರೆದಿದ್ದಾನೆ. ಅದರ ಬೆನ್ನಿಗೇ ಐದು ಸಾವಿರ ಜನರ ಊಟದ ಅದ್ಭುತ ಬರುವುದರಿಂದ ನಮ್ಮ ಪ್ರಸಂಗಗಳು ಅತ್ತ ಧಾವಿಸುತ್ತವೆ. ಬಡಿಸಿದವರು ದಣಿದವರಾಗಿದ್ದರೆಂಬುದು ಮರೆತುಹೋಗುತ್ತದೆ.

ಆಸ್ಪತ್ರೆ, ವೃದ್ಧಾಶ್ರಮ, ಮಕ್ಕಳ ಮನೆಗಳಲ್ಲಿ ದುಡಿಯುವವರು ನಿಗದಿತ ಕಾಲಕ್ಕೊಮ್ಮೆ ಕೂಡಿ ಕುಳಿತು, ತಮ್ಮ ಕೆಲಸ ತಮ್ಮೊಳಗೆ ಏನು ಮಾಡುತ್ತಿದೆ ಎಂಬುದನ್ನು ಮಾತಾಡಿಕೊಳ್ಳುವ ಪದ್ಧತಿಯನ್ನು ಇಲ್ಲಿ ಅವಲೋಕನ ಕೂಟವೆಂದು ಕರೆಯೋಣ. ಅದನ್ನು ನಡೆಸಿಕೊಡುವವರು ಅನುವುಗಾರರು. ಇದು ಆಡಳಿತಶಾಸ್ತ್ರದ ಹೊಸ ಸರಕೆಂದು ಹಲವರು ತಿಳಿದಿದ್ದಾರೆ. ಚರಿತ್ರೆ ಬೇರೆ ಮಾತು ಹೇಳುತ್ತದೆ. ಸಭೆಗೆ ಈ ಕೂಟ ಹಳೆಯ ಪರಿಚಯ. ಅದು ಎಲ್ಲಿ ಕೆಡುತ್ತದೆಂಬುದೂ ಸಭೆಗೆ ಅನುಭವದಿಂದ ತಿಳಿದಿರಬೇಕಾದ ಸಂಗತಿ.

ಪ್ಯಾರಿಸ್: ಮೊದಲು ಕೇಳಿದ ಗುರು

1633ರಲ್ಲಿ ವಿನ್ಸೆಂಟ್ ದ ಪೌಲ್ ಮತ್ತು ಲೂಯಿಸ್ ದ ಮರಿಯಾಕ್ ಪ್ಯಾರಿಸ್ಸಿನಲ್ಲಿ 'ಡಾಟರ್ಸ್ ಆಫ್ ಚಾರಿಟಿ' ಸಂಘವನ್ನು ಆರಂಭಿಸಿದರು. ಅದರ ಮೊದಲ ಸದಸ್ಯೆಯರಲ್ಲಿ ಬಹುಮಂದಿ ಹಳ್ಳಿಯ ಹೆಣ್ಣುಮಕ್ಕಳು. ರೋಗಿಗಳ ಮನೆ, ಅನಾಥ ಶಿಶುಗಳ ಆಶ್ರಯ, ಹಡಗಿನ ಹುಟ್ಟುಗೋಲಿಗೆ ಶಿಕ್ಷಿತರಾದ ಕೈದಿಗಳ ನಡುವೆ ಅವರ ಕೆಲಸ. ವಿನ್ಸೆಂಟರು ಅವರನ್ನು ಆಗಾಗ ಒಟ್ಟುಗೂಡಿಸುತ್ತಿದ್ದರು. ವಿಷಯವನ್ನು ಮುಂಚಿತವಾಗಿ ತಿಳಿಸಿ, ಒಬ್ಬೊಬ್ಬ ಸಹೋದರಿಯನ್ನೂ ಕೇಳಿ, ಅವರ ಮಾತಾದ ಮೇಲೆ ತಾವು ಮಾತಾಡುತ್ತಿದ್ದರು. ತೀರಿಕೊಂಡ ಸಹೋದರಿಯನ್ನು ಜೊತೆಗಾರ್ತಿಯರು ನೆನೆಯುವ ಕೂಟಗಳೂ ನಡೆಯುತ್ತಿದ್ದವು. ಲೂಯಿಸರೂ ಇತರರೂ ಬರೆದಿಟ್ಟ ಟಿಪ್ಪಣಿಗಳಿಂದ ಇಂತಹ ನೂರಕ್ಕೂ ಹೆಚ್ಚು ಸಂವಾದಗಳು ಉಳಿದುಬಂದಿವೆ.

ವಿನ್ಸೆಂಟರು ಅವರ ಮೇಲಧಿಕಾರಿಯೂ ಆಗಿದ್ದರು. ವಿಧೇಯತೆಗೆ ಬದ್ಧರಾದವರು ಅಧಿಕಾರಿಯ ಮುಂದೆ ಎಷ್ಟು ಮುಕ್ತವಾಗಿ ಮಾತಾಡಬಲ್ಲರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಓದು ಬಾರದ ಸೇವಕಿಯ ಅನುಭವಕ್ಕೆ ಗುರುವಿನ ಉಪದೇಶಕ್ಕಿಂತ ಮುಂಚಿನ ಸ್ಥಾನ ದೊರೆತದ್ದು ಚಿಕ್ಕ ಸಂಗತಿಯಲ್ಲ.

ಬ್ರಿಸ್ಟಲ್: ಕೂಟವು ತಪಾಸಣೆಯಾದಾಗ

1742ರಲ್ಲಿ ಬ್ರಿಸ್ಟಲ್ಲಿನ ಮೆಥಡಿಸ್ಟರು ತಮ್ಮ ಕಟ್ಟಡದ ಸಾಲ ತೀರಿಸುವ ದಾರಿ ಹುಡುಕುತ್ತಿದ್ದರು. ಸುಮಾರು ಹನ್ನೆರಡು ಜನರಿಗೊಬ್ಬ ನಾಯಕನು ಮನೆಮನೆಗೆ ಹೋಗಿ ವಾರಕ್ಕೊಂದು ಪೆನ್ನಿ ಸಂಗ್ರಹಿಸುವುದೆಂದು ಗೊತ್ತಾಯಿತು. ಹಾಗೆ ಹೋದವರು ಜನರ ಕಷ್ಟಸುಖವನ್ನೂ ಕೇಳತೊಡಗಿದರು. ಮನೆಮನೆ ಸುತ್ತುವುದು ಕಷ್ಟವಾದಾಗ ಎಲ್ಲರೂ ಒಂದೆಡೆ ಕೂಡುವ ಪದ್ಧತಿ ಬಂತು. ಜಾನ್ ವೆಸ್ಲಿಯ ಪ್ರಸಿದ್ಧ 'ಕ್ಲಾಸ್ ಮೀಟಿಂಗ್' ಹುಟ್ಟಿದ್ದು ಹೀಗೆ. ಗಣಿಗಾರರೂ ಮನೆಗೆಲಸದವರೂ ತಮ್ಮ ಬಾಳನ್ನು ಮಾತಿಗೆ ತರಲು ಅಲ್ಲಿ ಕಲಿತರು.

ಆದರೆ ನಾಯಕನು ಪಾಲಕರಿಗೆ ವರದಿ ಒಪ್ಪಿಸಬೇಕಾಗಿತ್ತು; ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ ನವೀಕರಣವಾಗಬೇಕಾಗಿತ್ತು; ಹಾಜರಾತಿಯೇ ಸದಸ್ಯತ್ವದ ಅಳತೆಗೋಲಾಯಿತು. 19ನೆಯ ಶತಮಾನ ಮುಂದುವರಿದಂತೆ ಕ್ಲಾಸ್ ಮೀಟಿಂಗ್ ಸೊರಗಿತು. ಅದಕ್ಕೆ ಕಾರಣಗಳು ಹಲವು. ನಿರ್ಬಂಧದಿಂದ ಬಂದವರ ಬಾಯಲ್ಲಿ ಸಾಕ್ಷಿಯು ಕಂಠಪಾಠವಾಗುವುದು ಅವುಗಳಲ್ಲೊಂದು. ಇದು ನಮಗೆ ದೂರದ ಕಥೆಯಲ್ಲ. ಮೈಸೂರು ಸಂಸ್ಥಾನದಲ್ಲಿ ದುಡಿದು, 1906ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದ ವೆಸ್ಲಿಯನ್ ಮಿಷನ್ ಇದೇ ಪರಂಪರೆಯದು. ಅದರ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಲ್ಲಿ ಕೂಡಿಕೊಂಡವು.

ವಾರ್ಡಿನಿಂದ ಕಲಿತ ಪಾಠ

20ನೆಯ ಶತಮಾನದಲ್ಲಿ ಕೂಟವು ಆಸ್ಪತ್ರೆಯೊಳಗೆ ಮರುಹುಟ್ಟು ಪಡೆಯಿತು. ಆಂಟನ್ ಬೋಯ್ಸನ್ ಎಂಬ ಅಮೆರಿಕದ ಪಾಲಕರು ಸ್ವತಃ ತೀವ್ರ ಮಾನಸಿಕ ಅಸ್ವಸ್ಥತೆಯನ್ನು ಅನುಭವಿಸಿದವರು. 1925ರಲ್ಲಿ ಅವರು ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ದೈವಜ್ಞಾನದ ವಿದ್ಯಾರ್ಥಿಗಳನ್ನು ಕರೆತಂದು, ಪುಸ್ತಕದಂತೆಯೇ ಮನುಷ್ಯನನ್ನೂ ಓದಲು ಕಲಿಸಿದರು. ವಿದ್ಯಾರ್ಥಿಯು ರೋಗಿಯೊಡನೆ ನಡೆದ ಮಾತನ್ನು ನೆನಪಿನಿಂದ ಬರೆದು ಗುಂಪಿನ ಮುಂದಿಡುವ ಪದ್ಧತಿ ಈ ಚಳವಳಿಯಲ್ಲಿ ಬೆಳೆಯಿತು. 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮೈಕೆಲ್ ಬಾಲಿಂಟರು ಪತ್ನಿ ಎನಿಡ್ ಅವರೊಡನೆ ವೈದ್ಯರ ಗುಂಪುಗಳನ್ನು ನಡೆಸಿದರು. ವೈದ್ಯನೊಬ್ಬ ತನ್ನನ್ನು ಕಾಡುವ ರೋಗಿಯ ಕಥೆ ಹೇಳುತ್ತಾನೆ. ಉಳಿದವರು ಔಷಧ ಸೂಚಿಸುವುದಿಲ್ಲ, ಆ ಇಬ್ಬರ ನಡುವೆ ನಡೆಯುತ್ತಿರುವುದೇನೆಂದು ಆಲೋಚಿಸುತ್ತಾರೆ.

1960ರ ಹೊತ್ತಿಗೆ ಇಸಾಬೆಲ್ ಮೆಂಜಿಸ್ ಲಂಡನ್ನಿನ ಆಸ್ಪತ್ರೆಯೊಂದರ ದಾದಿಯರನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಸಾವುನೋವಿನ ಭಯದಿಂದ ದಾದಿಯರನ್ನು ಕಾಪಾಡಲು ಸಂಸ್ಥೆ ಕೆಲಸವನ್ನು ತುಂಡುತುಂಡಾಗಿ ಹಂಚುತ್ತದೆ. ರೋಗಿ ಹೆಸರಿಲ್ಲದ ಹಾಸಿಗೆಯಾಗುತ್ತಾನೆ. ಆದರೆ ಈ ರಕ್ಷಣೆಯು ಭಯವನ್ನು ನೀಗುವುದಿಲ್ಲ. ಕೆಲಸದಲ್ಲಿ ದೊರೆಯಬಹುದಾಗಿದ್ದ ತೃಪ್ತಿಯನ್ನು ಮಾತ್ರ ಕಸಿಯುತ್ತದೆ ಎಂದು ಅವರು ಕಂಡರು. ನಮ್ಮ ಆಶ್ರಮವೊಂದರಲ್ಲಿ ಆಯಾ ಒಬ್ಬಳು ವೃದ್ಧೆಯನ್ನು ಗದರಿದಾಗ ನಾವು ಅವಳ ಸ್ವಭಾವವನ್ನು ದೂರುತ್ತೇವೆ. ಅವಳ ದುಃಖಕ್ಕೆ ಸಂಸ್ಥೆಯಲ್ಲಿ ಸ್ಥಳವಿತ್ತೇ ಎಂದು ಕೇಳುವುದಿಲ್ಲ.

ಬೆಂಗಳೂರು ಗ್ರಾಮಾಂತರದಲ್ಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಆರೈಕೆಯ ಭಾರ ಹೊತ್ತವರು ಯಾರು? 1975ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರು, 2005ರ ಬಳಿಕ ಬಂದ ಆಶಾ ಕಾರ್ಯಕರ್ತೆಯರು, ಮತ್ತು ನಮ್ಮಂತಹ ಸಂಸ್ಥೆಗಳ ದಾದಿಯರು, ಆಯಾಗಳು. ಅವರ ಸಭೆಗಳಲ್ಲಿ ಅಂಕಿಅಂಶ ಕೇಳಲಾಗುತ್ತದೆ: ಎಷ್ಟು ಹೆರಿಗೆ, ಎಷ್ಟು ಲಸಿಕೆ, ಎಷ್ಟು ಹಾಜರಿ. ಕೂಸು ತೀರಿಕೊಂಡ ಮನೆಗೆ ಮರುದಿನ ಹೋದವಳಿಗೆ ಏನಾಯಿತೆಂಬುದಕ್ಕೆ ವಹಿಯಲ್ಲಿ ಕಲಮು ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2020ರ ಜುಲೈಯಲ್ಲಿ, ಕೊರೋನಾದ ನಡುವೆ, ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. ಅವರಿಗೆ ಬೇಕಾಗಿದ್ದುದು ಸಾಂತ್ವನವಲ್ಲ, ನ್ಯಾಯ. ಕೂಲಿಗೆ ಬದಲಾಗಿ ಕೂಟವನ್ನು ಕೊಡುವುದು ಯಾಕೋಬನ ಪತ್ರಿಕೆ ಖಂಡಿಸುವ ಬರಿಮಾತಿನ ಆಶೀರ್ವಾದವಾದೀತು.

ಇನ್ನೊಂದು ಎಚ್ಚರಿಕೆ ನಮ್ಮನ್ನೇ ಕುರಿತದ್ದು. ಸಭೆ ನಡೆಸುವ ಆಶ್ರಮದಲ್ಲಿ ಪಾಲಕರು ಅನೇಕ ವೇಳೆ ಆಡಳಿತ ಸಮಿತಿಯಲ್ಲಿರುತ್ತಾರೆ. ಕೆಲಸದಿಂದ ತೆಗೆಯಬಲ್ಲವನ ಮುಂದೆ ಯಾರೂ ತಮ್ಮ ಕೋಪವನ್ನು ಒಪ್ಪಿಕೊಳ್ಳಲಾರರು. ಅಂಥವರು ತಮ್ಮ ಸಂಸ್ಥೆಯ ಕೂಟವನ್ನು ತಾವೇ ನಡೆಸದೆ, ನೆರೆಯ ತಾಲ್ಲೂಕಿನ ಪಾಲಕರನ್ನೋ ತರಬೇತಿ ಪಡೆದ ಬೇರೆಯವರನ್ನೋ ಕರೆಯಲಿ. ಎಂಟು ಹತ್ತು ಜನ, ಒಂದು ಗಂಟೆ, ನಿಗದಿತ ದಿನ, ಕೆಲಸದ ವೇಳೆಯಲ್ಲೇ. ರೋಗಿಯ ಹೆಸರು ಬೇಡ. ಒಬ್ಬರು ಒಂದು ಘಟನೆ ಹೇಳಲಿ. ಉಳಿದವರು ಬುದ್ಧಿಹೇಳುವ ಮೊದಲು ಕೇಳಲಿ. ಅನುವುಗಾರನು ಮೇಲಧಿಕಾರಿಗೆ ವರದಿ ಒಪ್ಪಿಸದಿರಲಿ. ಆದರೆ ಈ ಗುಟ್ಟು ಪಾಪನಿವೇದನೆಯ ಮುದ್ರೆಯಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದ ಸಂಗತಿ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕೆಂಬುದನ್ನು ಮೊದಲ ದಿನವೇ ಸ್ಪಷ್ಟಪಡಿಸಬೇಕು.

ಭಾಷೆಯ ವಿಷಯದಲ್ಲೂ ನಾವು ತಗ್ಗಬೇಕು. ಈ ಸೀಮೆಯಲ್ಲಿ ದುಃಖವು ದೇಹದ ಮಾತಾಗಿ ಬರುತ್ತದೆ: 'ಯಾಕೋ ಕೈಕಾಲು ಆಡ್ತಿಲ್ಲ', 'ತಲೆ ಭಾರ'. ಕೆಲವರಿಗೆ ಅದು ತೆಲುಗಿನಲ್ಲೋ ಉರ್ದುವಿನಲ್ಲೋ ಬಂದೀತು. ಸೆಮಿನರಿಯ ಪದಗಳಿಗೆ ಅದನ್ನು ಅವಸರದಿಂದ ಅನುವಾದಿಸಬಾರದು. ಪ್ರಾರ್ಥನೆಯಿಂದ ಬಾಯಿ ಮುಚ್ಚಿಸಲೂ ಬಾರದು. ಕೂಟದಲ್ಲಿ ಅನ್ಯಧರ್ಮದ ಸಹೋದರಿಯರೂ ಇರುತ್ತಾರೆ.

ಪ್ಯಾರಿಸ್ಸಿನಲ್ಲಿ ಕೇಳುವುದು ಮೊದಲಾಗಿದ್ದರಿಂದ ಕೂಟ ಬಾಳಿತು. ಬ್ರಿಸ್ಟಲ್ಲಿನ ವಾರಸುದಾರರಲ್ಲಿ ಎಣಿಕೆ ಮೊದಲಾದಾಗ ಅದು ಬಾಡಿತು. ಅಪೊಸ್ತಲರ ವಿಶ್ರಾಂತಿಯೂ ಪೂರ್ತಿಯಾಗಲಿಲ್ಲ. ದೋಣಿ ದಡ ಸೇರುವ ಮೊದಲೇ ಜನ ಅಲ್ಲಿ ನೆರೆದಿದ್ದರು. ನಮ್ಮ ವಾರ್ಡುಗಳಲ್ಲೂ ಕರೆಗಂಟೆ ನಿಲ್ಲುವುದಿಲ್ಲ. ಆದರೂ ಆ ದೋಣಿಯಷ್ಟು ದೂರದ ಬಿಡುವನ್ನು ಕರ್ತನು ತನ್ನವರಿಗೆ ಬಯಸಿದನು. ಅವನ ಹೆಸರಿನಲ್ಲಿ ಸಂಸ್ಥೆ ನಡೆಸುವವರು ಅದಕ್ಕಿಂತ ಕಡಿಮೆ ಕೊಡುವುದು ಸಲ್ಲದು.