ಏಲಕ್ಕಿಯ ಕಟ್ಟೆರೋಗ ಮತ್ತು ಪ್ರತಿಕಾಯ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ

ಕೊಡಗಿನ ಕೃಷಿ ಚರಿತ್ರೆಯಲ್ಲಿ ಏಲಕ್ಕಿಗೆ ವಿಶಿಷ್ಟ ಸ್ಥಾನವಿದೆ. ಮೂರ್ನಾಡು ಸೇರಿರುವ ಮಡಿಕೇರಿ ತಾಲ್ಲೂಕಿನಲ್ಲಿಯೇ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರವೂ ಇದೆ. ಈ ಬೆಳೆಯನ್ನು ದೀರ್ಘಕಾಲದಿಂದ ಕಾಡುತ್ತ ಬಂದಿರುವುದು ಕಟ್ಟೆರೋಗ. ಎಳೆಯ ಎಲೆಗಳಲ್ಲಿ ನಡುನರದಿಂದ ಅಂಚಿನವರೆಗೆ ತಿಳಿಹಳದಿ ಗೆರೆಗಳು ಮೂಡುತ್ತವೆ. ಕ್ರಮೇಣ ಬುಡವೇ ಕುಗ್ಗಿ ಫಸಲು ಕ್ಷೀಣಿಸುತ್ತದೆ. ಇದು ವೈರಸ್ಸಿನಿಂದ ಬರುವ ರೋಗವೆಂಬುದನ್ನು 1945ರಲ್ಲಿ ಉಪ್ಪಳ್, ವರ್ಮಾ ಮತ್ತು ಕಪೂರ್ ವರದಿ ಮಾಡಿದರು.

ರೋಗವು ಬೀಜದಿಂದ ಹರಡುವುದಿಲ್ಲ. ಸಸ್ಯಹೇನು ಮತ್ತು ಸೋಂಕು ತಗುಲಿದ ಕಂದುಗಳು ಇದರ ವಾಹಕಗಳು. ಲಕ್ಷಣ ಕಾಣಿಸುವ ಮುನ್ನವೇ ಕಂದನ್ನು ಬೇರ್ಪಡಿಸಿ ನೆಟ್ಟರೆ ಬೆಳೆಗಾರನು ತನ್ನ ಕೈಯಾರೆ ರೋಗವನ್ನು ಹೊಸ ತೋಟಕ್ಕೆ ಒಯ್ದಂತಾಗುತ್ತದೆ. ಹೀಗಾಗಿ ಕಣ್ಣಿಗೆ ಕಾಣದ ಸೋಂಕನ್ನು ಗುರುತಿಸುವ ವಿಧಾನವೊಂದು ಅನಿವಾರ್ಯವಾಯಿತು.

ಈ ಕೊರತೆಯನ್ನು ತುಂಬಿದ್ದು ಪ್ರತಿಕಾಯ. ಶುದ್ಧೀಕರಿಸಿದ ವೈರಸ್ಸನ್ನು ಮೊಲಕ್ಕೆ ಚುಚ್ಚಿದಾಗ ಅದರ ರಕ್ತದಲ್ಲಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ರೂಪಿಸಿದ ಎಲಿಸಾ ವಿಧಾನವನ್ನು 1977ರಲ್ಲಿ ಕ್ಲಾರ್ಕ್ ಮತ್ತು ಆಡಮ್ಸ್ ಸಸ್ಯವೈರಸ್ಸುಗಳಿಗೆ ಅಳವಡಿಸಿದರು. ತಟ್ಟೆಯ ಗುಳಿಗಳಿಗೆ ಪ್ರತಿಕಾಯವನ್ನು ಲೇಪಿಸಿ, ಎಲೆಯ ರಸವನ್ನು ಹಾಕಿದರೆ ವೈರಸ್ಸು ಅಲ್ಲಿ ಅಂಟಿಕೊಳ್ಳುತ್ತದೆ. ಬಳಿಕ ಕಿಣ್ವ ಜೋಡಿಸಿದ ಪ್ರತಿಕಾಯವನ್ನೂ ಕಿಣ್ವಕ್ಕೆ ತಕ್ಕ ರಾಸಾಯನಿಕವನ್ನೂ ಸೇರಿಸಿದಾಗ ಮೂಡುವ ಬಣ್ಣ ಸೋಂಕಿನ ಇರವನ್ನು ಸೂಚಿಸುತ್ತದೆ.

1986ರಲ್ಲಿ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ಏಲಕ್ಕಿಯ ಮೊಸಾಯಿಕ್ ರೋಗಕ್ಕೆ ಸಂಬಂಧಿಸಿದ ವೈರಸ್ಸನ್ನು ಶುದ್ಧೀಕರಿಸಿದ ವಿವರವನ್ನು ಪ್ರಕಟಿಸಿದರು. ಅದೇ ವರ್ಷ ಅಪ್ಪಂಗಳದ ಕೇಂದ್ರವು ಕೋಳಿಕ್ಕೋಡಿನ ರಾಷ್ಟ್ರೀಯ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರದ ಭಾಗವಾಯಿತು. 1995ರಲ್ಲಿ ಅದು ಸಂಸ್ಥೆಯ ದರ್ಜೆಗೇರಿತು. 1990ರ ದಶಕದ ಆರಂಭದಲ್ಲಿ ಪ್ರತಿಕಾಯದ ನೆರವಿನಿಂದ ಕಟ್ಟೆರೋಗದ ಮುಂಚಿತ ಪತ್ತೆಯನ್ನು ಕುರಿತ ಅಧ್ಯಯನಗಳೂ ಹೊರಬಂದವು.

ಆದರೆ ಪ್ರತಿಕಾಯದ ಸಾಕ್ಷ್ಯಕ್ಕೂ ಮಿತಿಯಿದೆ. ಮಧುರೈ ಕಾಮರಾಜ್ ವಿಶ್ವವಿದ್ಯಾನಿಲಯದ ಉಷಾ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವು ದಕ್ಷಿಣ ಭಾರತದ ಬೇರೆ ಬೇರೆ ಪ್ರದೇಶಗಳ ಈ ವೈರಸ್ಸಿನ ಕವಚ ಪ್ರೋಟೀನಿನಲ್ಲಿ ಗಣನೀಯ ವೈವಿಧ್ಯವಿರುವುದನ್ನು ತೋರಿಸಿತು. ಒಂದು ಪ್ರದೇಶದ ವೈರಸ್ಸಿಗೆ ತಯಾರಿಸಿದ ಪ್ರತಿಕಾಯವು ಮತ್ತೊಂದನ್ನು ಅಷ್ಟೇ ಬಲವಾಗಿ ಹಿಡಿಯುವುದೆಂದು ಮೊದಲೇ ಭಾವಿಸಲಾಗದು. ವೈರಸ್ಸಿನ ಪ್ರಮಾಣ ಕಡಿಮೆಯಿದ್ದರೂ ಬಣ್ಣ ಮೂಡದಿರಬಹುದು. ಆದ್ದರಿಂದ ಬಣ್ಣವಿಲ್ಲದ ಗುಳಿಯೊಂದನ್ನೇ ಆರೋಗ್ಯದ ಪ್ರಮಾಣಪತ್ರವಾಗಿ ಪರಿಗಣಿಸುವುದು ತರವಲ್ಲ. ಮುಂದೆ ಆರ್‌ಟಿ-ಪಿಸಿಆರ್ ವಿಧಾನವೂ ಜೊತೆಗೂಡಿದ್ದು ಈ ಕಾರಣದಿಂದಲೇ.

ಕಟ್ಟೆ, ಕೊಕ್ಕೆಕಂದು ಎಂಬ ಹೆಸರುಗಳು ವೈಜ್ಞಾನಿಕ ಸಾಹಿತ್ಯದಲ್ಲಿ ಇಂದಿಗೂ ಹಾಗೆಯೇ ಉಳಿದಿವೆ. ತೋಟದ ಕಣ್ಣು ಮೊದಲು ಕಂಡುದನ್ನು ಪ್ರಯೋಗಾಲಯ ಬಳಿಕ ಪರೀಕ್ಷಿಸಿತೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ನಾಟಿಗೆ ಕಂದನ್ನು ಆರಿಸುವಲ್ಲಿ ಇವೆರಡೂ ಜೊತೆಗಿರಬೇಕೆಂಬುದೇ ಈ ಚರಿತ್ರೆಯ ಪಾಠ.